ಕಿವಿನೋವು ಅಂತ ಹೋದರೆ ಕೆನ್ನೆ ಒತ್ತಿದರು

ಮಾರ್ಚ್ ಕೊನೆ ಬಂತೆಂದರೆ ಕಲಬುರಗಿ ಗಂಜ್‌ನಲ್ಲಿ ಲೆಕ್ಕ ಬರೆಯುವವರಿಗೆ ಮನೆ ನೆನಪಾಗುವುದಿಲ್ಲ. ನಾನು ಒಂದು ತೊಗರಿ ಅಡತ್ ಅಂಗಡಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಆಗಲೇ ಬಲಗಿವಿಯೊಳಗೆ ಮಂದ ನೋವು ಶುರುವಾಯಿತು, ಆಮೇಲೆ ಕಣತಲೆಗೆ ಹತ್ತಿತು, ಸಂಜೆಯಾದರೆ ಸಾಕು ಮೇಲಿನ ದವಡೆ ಹಲ್ಲಿಗೂ ಇಳಿಯುತ್ತಿತ್ತು. ಕಿವಿ ಡಾಕ್ಟರು ಬ್ಯಾಟರಿ ಹಾಕಿ ನೋಡಿ "ಕಿವಿ ಸ್ವಚ್ಛ ಅದ, ಹಲ್ಲಿನವರಿಗೆ ತೋರಸ್ರಿ" ಅಂದರು. ನೋಯುವುದು ಕಿವಿ, ಹೋಗಬೇಕಾದ್ದು ಹಲ್ಲಿನವರ ಹತ್ತಿರ! ಸಿಟ್ಟೇ ಬಂತು.

ಎಕ್ಸ್‌ರೇಯಲ್ಲಿ ಹುಳುಕೂ ಕಾಣಲಿಲ್ಲ. ಹಲ್ಲಿನ ಡಾಕ್ಟರಮ್ಮ ಗ್ಲೌಸ್ ಹಾಕಿದ ಬೆರಳನ್ನು ನನ್ನ ಕೆನ್ನೆ ಮೇಲಿಟ್ಟು "ಹಲ್ಲು ಗಟ್ಟಿ ಕಚ್ಚಿ ಹಿಡೀರಿ" ಅಂದರು. ಕೆನ್ನೆಯಲ್ಲಿ ಸ್ನಾಯು ಗಡ್ಡೆ ಹಾಗೆ ಎದ್ದು ನಿಂತಿತು. ಕಚ್ಚಿದ್ದು ಬಿಡಿಸಿ, ಅದೇ ಜಾಗದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದರು. ಒತ್ತಿದ್ದು ಕೆನ್ನೆ, ನೋವು ಮಾತ್ರ ನೇರ ಕಿವಿಯೊಳಗೆ!

"ದಿನಾ ಬರೂ ನೋವು ಇದೇ ಏನ್ರೀ?"

"ಹೌದ್ರೀ ಮೇಡಂ, ಇದೇ!"

ಅಗಿಯುವ ಸ್ನಾಯುವಿನ ನೋವು ತನ್ನ ಜಾಗದಲ್ಲಷ್ಟೇ ಇರುವುದಿಲ್ಲವಂತೆ, ಕಿವಿ, ಕಣತಲೆ, ಹಲ್ಲು ಅಂತ ಎಲ್ಲೆಲ್ಲೋ ಕಾಣಿಸುತ್ತದೆ. ಆಮೇಲೆ ಬಾಯಿ ತೆರೆಸಿ ಸ್ಕೇಲ್ ಹಿಡಿದರು. ದೊಡ್ಡವರಿಗೆ ಸುಮಾರು 40 ಮಿಲಿಮೀಟರ್ ಆದರೂ ತೆರೆಯಬೇಕು, ಅಂದರೆ ತಮ್ಮದೇ ಮೂರು ಬೆರಳು ನಿಲ್ಲಿಸಿ ಹಿಡಿಯುವಷ್ಟು. ನನಗೆ ಎರಡೇ ಹಿಡಿದವು. ಕಿವಿ ಮುಂದಿನ ದವಡೆ ಕೀಲಿನಲ್ಲಿ ಕಟಕ್ ಅಂತ ಶಬ್ದವೂ ಇತ್ತು. ನಾನು ಹೆದರಿದ್ದು ಅದಕ್ಕೇ. ಡಾಕ್ಟರಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ. ಕೀಲಿನ ನಡುವೆ ಒಂದು ಮೆತ್ತನೆ ತಟ್ಟೆ ಇರುತ್ತದೆ, ಅದು ಸ್ವಲ್ಪ ಸರಿದರೆ ಶಬ್ದ ಬರುತ್ತದೆ, ಶಬ್ದದ ಜೊತೆ ನೋವು ಇಲ್ಲ, ಬಾಯಿ ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂದರೆ ಅದನ್ನು ಸುಮ್ನೆ ಬಿಡಬಹುದು ಅಂದರು. ನನಗೆ ಬಾಯಿ ತೆರೆಯಲು ಬಿಡದೇ ಇದ್ದದ್ದು ಬಿಗಿದ ಸ್ನಾಯು. ಆದರೆ ಬಿಗಿದ ಸ್ನಾಯು ದಿನವಿಡೀ ಕೀಲನ್ನು ಒತ್ತುತ್ತಲೇ ಇದ್ದರೆ ಕೀಲೂ ನೋಯತೊಡಗಬಹುದು, ಕೀಲು ನೊಂದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ.

"ರಾತ್ರಿ ಹಲ್ಲು ಕಡೀತಾರೇನು?" ಅಂತ ಕೇಳಿದ್ದಕ್ಕೆ ನನಗಿಂತ ಮೊದಲು ನನ್ನ ಹೆಂಡತಿಯೇ "ಕಡೀತಾರ್ರೀ, ನನಗ ನಿದ್ದಿನೇ ಇಲ್ಲ" ಅಂದಳು. ಹಗಲಲ್ಲೂ ಅಷ್ಟೇ. ಲೆಕ್ಕ ತಾಳೆ ಆಗದಿದ್ದರೆ ನಾನು ಹಲ್ಲು ಕಚ್ಚಿಕೊಂಡೇ ಕೂತಿರುತ್ತೇನೆ. ಸುಮ್ಮನಿದ್ದಾಗ ತುಟಿ ಮುಚ್ಚಿರಬೇಕು, ಹಲ್ಲಿಗೆ ಹಲ್ಲು ತಾಗಬಾರದು, ಇದು ಮೊದಲ ಔಷಧಿ ಅಂದರು. ಕಡಕ್ ರೊಟ್ಟಿ, ಕಬ್ಬು, ಅಡಿಕೆ ಸದ್ಯಕ್ಕೆ ಬೇಡ. ಮೆತ್ತನೆ ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಬಹುದು. ಕೆನ್ನೆಗೆ ಬಿಸಿಬಟ್ಟೆ ಶಾಖ ಕೊಡಬೇಕು. ಏಪ್ರಿಲ್ ಬಂದರೆ ನಮ್ಮೂರಲ್ಲಿ 40 ಡಿಗ್ರಿ ದಾಟುತ್ತದೆ, ಅದರಲ್ಲಿ ಮತ್ತೆ ಶಾಖ ಅಂದರೆ ಯಾರಿಗೆ ಬೇಕು ಹೇಳಿ! ಆದರೂ ಕೊಟ್ಟೆ, ಆರಾಮ ಅನಿಸಿತು. ರಾತ್ರಿಗೆ ಹಲ್ಲಿನ ಅಳತೆ ತೆಗೆದು ಗಟ್ಟಿ ಪ್ಲಾಸ್ಟಿಕ್ಕಿನ ಕವಚವನ್ನೂ ಮಾಡಿಸಿಕೊಟ್ಟರು. ಅದರಿಂದ ಕಡಿಯುವುದು ನಿಲ್ಲಲೇಬೇಕೆಂದಿಲ್ಲ, ಹಲ್ಲು ಸವೆಯುವುದು ಮಾತ್ರ ತಪ್ಪುತ್ತದೆ.

ನೋವು ಒಂದೇ ಸಲಕ್ಕೆ ಹೋಗಲಿಲ್ಲ, ನಿಧಾನಕ್ಕೆ ಇಳಿಯಿತು. ಈಗ ಮೂರು ಬೆರಳು ಹಿಡಿಯುತ್ತವೆ. ಕಟಕ್ ಇನ್ನೂ ಇದೆ, ಇರಲಿ ಬಿಡಿ. ಆಡಿಟ್‌ನವರು ಬರುವ ವಾರದಲ್ಲಿ ಮಾತ್ರ ಕೆನ್ನೆ ಮತ್ತೆ ಬಿಗಿಯುತ್ತದೆ, ಅದಕ್ಕೆ ಡಾಕ್ಟರಮ್ಮನ ಹತ್ತಿರವೂ ಔಷಧಿ ಇಲ್ಲ.