ರೊಟ್ಟಿ ಮುರಿದ ಸದ್ದು ಕೇಳಿಸಿದ ವಿಮಾನ

ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ವಡಗಾವಿಯಲ್ಲಿ, ಮಗ್ಗದ ಮನೆಯಲ್ಲಿ. ಮುಂದಿನ ಖೋಲಿಯಲ್ಲಿ ನಾವು ಆರು ಜನ, ಹಿಂದಿನ ಖೋಲಿಯಲ್ಲಿ ನಾಲ್ಕು ಪವರ್‌ಲೂಮ್. ನಡುವೆ ಒಂದು ತೆಳು ಗೋಡೆ, ಅದಕ್ಕೊಂದು ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಯೇ ಇಲ್ಲ. ಬೆಳಗ್ಗೆ ಆರಕ್ಕೆ ಶುರುವಾದ ಖಟಖಟ ರಾತ್ರಿ ಹತ್ತಕ್ಕೆ ನಿಲ್ಲುತ್ತಿತ್ತು. ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಮಧ್ಯಾಹ್ನ ಆ ಸದ್ದು ಇದ್ದಕ್ಕಿದ್ದಂತೆ ನಿಂತರೆ ಎದೆ ಧಸಕ್ ಅನ್ನುತ್ತಿತ್ತು. ಒಂದೋ ಕರೆಂಟ್ ಹೋಗಿದೆ, ಇಲ್ಲವೇ ನೂಲು ಮುಗಿದಿದೆ. ಎರಡೂ ಒಳ್ಳೆಯ ಸುದ್ದಿಯಲ್ಲ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, 1972ರ ಅಕ್ಟೋಬರ್‌ನಲ್ಲಿ ಮೊದಲ ಸಲ ವಿಮಾನ ಹತ್ತಿದಾಗ ನನಗೆ ಎತ್ತರದ ಹೆದರಿಕೆ ಆಗಲಿಲ್ಲ. ಸದ್ದಿಲ್ಲವಲ್ಲ ಅಂತ ಹೆದರಿಕೆ ಆಯಿತು.

ಆ ವಿಮಾನದ ಹೆಸರು ವಿಸಿ-10. ಸರಿಯಾಗಿ ಹೇಳಬೇಕೆಂದರೆ ಸೂಪರ್ ವಿಸಿ-10. ವಿಕರ್ಸ್ ಕಂಪನಿ ಮಾಡಿದ್ದು, ಬಿಒಎಸಿ ಎಂಬ ಬ್ರಿಟನ್ನಿನ ವಿಮಾನ ಸಂಸ್ಥೆ ಹಾರಿಸುತ್ತಿದ್ದದ್ದು. ಅದೇ ಬಿಒಎಸಿ 1974ರಲ್ಲಿ ಬ್ರಿಟಿಷ್ ಏರ್‌ವೇಸ್‌ನಲ್ಲಿ ಸೇರಿತು.

ಆಗ ನನಗೆ 22 ವರ್ಷ. ಮದುವೆಯಾಗಿ ಎಂಟು ತಿಂಗಳು. ನಮ್ಮ ಮನೆಯವರು ಇಲ್ಲೇ ಜೆಎನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಗ್ಲಾಸ್ಗೋದ ಆಸ್ಪತ್ರೆಯೊಂದಕ್ಕೆ ಹೋಗಿದ್ದರು. ನಾನು ಒಬ್ಬಳೇ ಹೋಗಿ ಸೇರಬೇಕಿತ್ತು. ಅವ್ವನಿಗೆ ಭಯ. ಎರಡು ವರ್ಷದ ಹಿಂದೆ, 1970ರ ಸೆಪ್ಟೆಂಬರ್‌ನಲ್ಲಿ, ಮುಂಬಯಿಯಿಂದ ಲಂಡನ್‌ಗೆ ಹೊರಟಿದ್ದ ಇದೇ ಬಿಒಎಸಿಯ ವಿಸಿ-10 ಒಂದನ್ನು ಬಹರೇನ್ ದಾಟಿದ ಮೇಲೆ ಅಪಹರಿಸಿ ಜೋರ್ಡಾನ್‌ನ ಮರುಭೂಮಿಗೆ ಒಯ್ದಿದ್ದರು. ಜನರನ್ನು ಇಳಿಸಿ ವಿಮಾನವನ್ನು ಸ್ಫೋಟಿಸಿದರು. "ಹಡಗಿನ್ಯಾಗ ಹೋಗಾಕ ಬರೂದಿಲ್ಲೇನು?" ಎಂದು ಅವ್ವ ದಿನಾ ಕೇಳುತ್ತಿದ್ದಳು. ಸೂಯೆಜ್ ಕಾಲುವೆ ಆಗ ಮುಚ್ಚಿತ್ತು. ಹಡಗಾದರೆ ಇಡೀ ಆಫ್ರಿಕಾ ಸುತ್ತಿ ಹೋಗಬೇಕು ಎಂದು ಅಪ್ಪ ಅವಳಿಗೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಕ್ಷೆ ಬರೆದು ತೋರಿಸಿದ.

ಬೆಳಗಾವಿಯಿಂದ ಮೀಟರ್ ಗೇಜ್ ಗಾಡಿ. ಮಿರಜ್‌ನಲ್ಲಿ ಇಳಿದು ಬ್ರಾಡ್ ಗೇಜ್ ಗಾಡಿ ಹತ್ತಿ ಮುಂಬಯಿ. ಅಪ್ಪ ಸಾಂತಾಕ್ರೂಜ್ ತನಕ ಬಂದ. ನನ್ನ ಕೈಯಲ್ಲಿ 3 ಪೌಂಡ್ ಇತ್ತು. ಸರ್ಕಾರ ಆಗ ಅಷ್ಟನ್ನೇ ಒಯ್ಯಲು ಬಿಡುತ್ತಿತ್ತು. ಟ್ರಂಕಿನಲ್ಲಿ ಕುಂದಾ, ಜೋಳದ ಹಿಟ್ಟು, ಖಡೇಬಜಾರ್‌ನಲ್ಲಿ ಕೊಂಡ ಎರಡು ಸ್ವೆಟರ್. ಕೈಚೀಲದಲ್ಲಿ ಕಟಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಒಳಗೆ ಹೋಗುವ ಮುಂಚೆ ಅಪ್ಪ ಹೇಳಿದ್ದು ಒಂದೇ ಮಾತು. "ಎಷ್ಟು ಸಪ್ಪಳ ಮಾಡತೈತಿ ನೋಡಿ ಬರಿಯವ್ವಾ."

ಅಪ್ಪ ಮಗ್ಗವನ್ನು ಕಿವಿಯಿಂದಲೇ ನೋಡುವವನು. ಊಟಕ್ಕೆ ಕೂತಲ್ಲಿಂದಲೇ "ಮೂರನೇದರ ಲಾಳಿ ಸಡಲ ಆಗೇತಿ" ಅನ್ನುತ್ತಿದ್ದ. ಹಾಗಾಗಿ ಅವನಿಗೆ ಬೇಕಾದದ್ದು ಅದೇ ಸುದ್ದಿ.

ಮೆಟ್ಟಿಲ ಹತ್ತಿರ ನಿಂತು ನಾನು ಆ ವಿಮಾನವನ್ನು ಮೇಲಿನಿಂದ ಕೆಳಗೆ ನೋಡಿದೆ. ರೆಕ್ಕೆ ಪೂರ್ತಿ ಬರಿದು. ನಾಲ್ಕೂ ಎಂಜಿನ್ ಬಾಲದ ಬಳಿ, ಆ ಕಡೆ ಎರಡು, ಈ ಕಡೆ ಎರಡು. ಅದರ ಮೇಲೆ ಎತ್ತರದ ಬಾಲ, ಬಾಲದ ತುದಿಗೆ ಇನ್ನೊಂದು ಅಡ್ಡ ರೆಕ್ಕೆ. ಇವತ್ತಿಗೂ ಅದಕ್ಕಿಂತ ಚೆಂದದ ವಿಮಾನ ನಾನು ನೋಡಿಲ್ಲ.

ಏರುವಾಗ ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದ ಹಾಗಾಯಿತು. ಮುಂಬಯಿಯ ದೀಪಗಳು ಓರೆಯಾದವು. ಆಮೇಲೆ ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು. ಎಷ್ಟು ಇಳಿಯಿತು ಅಂದರೆ ಗಾಳಿಯ ಸುಯ್ ಅನ್ನುವುದೊಂದೇ ಉಳಿಯಿತು. ನನ್ನ ಎದೆ ಧಸಕ್ ಅಂತು. ಕರೆಂಟ್ ಹೋಯಿತು! ಪಕ್ಕದಲ್ಲಿ ಒಬ್ಬ ಗುಜರಾತಿ ಅಜ್ಜಿ ಕೂತಿದ್ದರು. ಅವರ ಕೈ ಗಟ್ಟಿಯಾಗಿ ಹಿಡಿದೆ. ಅವರು ಜಪಮಾಲೆ ಬಿಟ್ಟು ನನ್ನ ಕೈ ಮೇಲೆ ಇನ್ನೊಂದು ಕೈ ಇಟ್ಟರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಹತ್ತು ನಿಮಿಷ ಹಾಗೇ ಕೂತಿದ್ದೆವು.

ಗಗನಸಖಿ ತಂದ ತಟ್ಟೆಯಲ್ಲಿ ನಾನು ತಿನ್ನುವಂಥದ್ದು ಬ್ರೆಡ್ಡು, ಹಣ್ಣು ಬಿಟ್ಟರೆ ಏನೂ ಇರಲಿಲ್ಲ. ಗಂಟು ಬಿಚ್ಚಿದೆ. ರೊಟ್ಟಿ ಮುರಿದೆ. ಕಟಕ್! ಮೂರು ಸಾಲು ಮುಂದೆ ಕೂತವರು ತಿರುಗಿ ನೋಡಿದರು. ನಮ್ಮ ಮನೆಯಲ್ಲಿ ರೊಟ್ಟಿಗೆ ಸದ್ದಿದೆ ಅಂತ ನನಗೆ ಗೊತ್ತೇ ಇರಲಿಲ್ಲ. 22 ವರ್ಷ ತಿಂದ ರೊಟ್ಟಿಯ ಸದ್ದನ್ನು ಮೊದಲ ಸಲ ಕೇಳಿದ್ದು ಅರಬ್ಬೀ ಸಮುದ್ರದ ಮೇಲೆ. ಗಗನಸಖಿ ಬಂದು ಇದೇನೆಂದು ಕೇಳಿದಳು. ಒಂದು ಚೂರು ಚಟ್ನಿ ಹಚ್ಚಿ ಕೊಟ್ಟೆ. ತಿಂದಳು. ನೀರು ಕುಡಿದು ಇನ್ನೊಂದು ಚೂರು ಕೇಳಿದಳು.

ಬೈರೂತ್‌ನಲ್ಲಿ ಒಮ್ಮೆ ನಿಂತು ಬೆಳಿಗ್ಗೆ ಲಂಡನ್ ಮುಟ್ಟಿದೆವು. ಗ್ಲಾಸ್ಗೋ ಸೇರಿದ ಮೇಲೆ ನಾನು ಬರೆದ ಮೊದಲ ಏರೋಗ್ರಾಮ್ ಪೂರ್ತಿ ಇದೇ ವಿಷಯ. ಅಪ್ಪಾ, ಎಂಜಿನ್ನು ಹಿಂದೆ, ಮಂದಿ ಮುಂದೆ. ಹಂಗಾಗಿ ಸಪ್ಪಳ ಹಿಂದೇ ಉಳಿದುಬಿಡತೈತಿ. ರೊಟ್ಟಿ ಮುರಿದರೆ ಕೇಳಸತೈತಿ.

ಆಮೇಲೆ ಓದಿ ತಿಳಿದ ಸಂಗತಿ ಕೇಳಿ. ಆ ಎಂಜಿನ್‌ಗಳು ಹಿಂದೆ ಹೋದದ್ದು ನನ್ನ ಕಿವಿಗೆ ಸುಖ ಆಗಲಿ ಎಂದಲ್ಲ. ನಮ್ಮ ಬಿಸಿಲಿನಿಂದಾಗಿ. ಬಿಸಿ ಗಾಳಿ ತೆಳು. ಎತ್ತರದ ಊರಿನ ಗಾಳಿ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಬಿಒಎಸಿ ಹಾರಬೇಕಿದ್ದದ್ದು ನೈರೋಬಿ, ಜೋಹಾನ್ಸ್‌ಬರ್ಗ್‌ನಂಥ ಎತ್ತರದ ಊರುಗಳಿಗೆ, ಕರಾಚಿ, ಸಿಂಗಾಪುರದಂಥ ಸೆಕೆಯ ಊರುಗಳಿಗೆ. ಅಲ್ಲಿನ ಎಷ್ಟೋ ರನ್‌ವೇ ಆಗ ಗಿಡ್ಡ. ಅದಕ್ಕೆ ವಿಕರ್ಸ್‌ನವರು ರೆಕ್ಕೆಯಿಂದ ಎಂಜಿನ್ ತೆಗೆದು, ರೆಕ್ಕೆಯ ಉದ್ದಕ್ಕೂ ಎತ್ತುವ ಬಲ ಹೆಚ್ಚಿಸುವ ಮಡಚು ಹಲಗೆಗಳನ್ನು, ಅಂದರೆ ಫ್ಲಾಪ್‌ಗಳನ್ನು, ಕೂಡಿಸಿ, ಹಿಂದೆ ರೋಲ್ಸ್ ರಾಯ್ಸ್‌ನ ನಾಲ್ಕು ಕಾನ್ವೇ ಎಂಜಿನ್ ಇಟ್ಟರು. 1962ರ ಜೂನ್ 29ಕ್ಕೆ ಮೊದಲ ಹಾರಾಟ. 1964ರ ಏಪ್ರಿಲ್‌ನಲ್ಲಿ ಲಂಡನ್‌ನಿಂದ ಲಾಗೋಸ್‌ಗೆ ಮೊದಲ ಪ್ರಯಾಣ.

ಆದರೆ ಅಷ್ಟರಲ್ಲಿ ಊರೂರಿನವರು ಬೋಯಿಂಗ್ 707 ಬರಲಿ ಎಂದು ರನ್‌ವೇಗಳನ್ನೇ ಉದ್ದ ಮಾಡಿದ್ದರು. ಗಿಡ್ಡ ರನ್‌ವೇಗೆಂದು ಮಾಡಿದ ವಿಮಾನಕ್ಕೆ ಗಿಡ್ಡ ರನ್‌ವೇಯೇ ಇಲ್ಲ. ಆ ಬಲದ ರೆಕ್ಕೆ, ಆ ತೂಕ, ಆ ಇಂಧನ ಎಲ್ಲ ಖರ್ಚಿನ ಲೆಕ್ಕಕ್ಕೆ ಸೇರಿತು. ಪ್ರಯಾಣಿಕರು ವಿಸಿ-10 ಅನ್ನೇ ಕೇಳಿ ಹತ್ತುತ್ತಿದ್ದರು, ಆದರೂ ಒಟ್ಟು ಕಟ್ಟಿದ್ದು 54 ಮಾತ್ರ. ನನಗೆ ಇದು ಇವತ್ತಿಗೂ ನೋವಿನ ಮಾತು. ಮಗ್ಗದವರ ಮಗಳಿಗೆ ಈ ಲೆಕ್ಕ ಹೊಸದಲ್ಲ.

ಗ್ಲಾಸ್ಗೋದಲ್ಲಿದ್ದಾಗ ಟ್ರೈಡೆಂಟ್ ಎಂಬ ಇನ್ನೊಂದು ವಿಮಾನದಲ್ಲಿ ಓಡಾಡಿದೆ. ಅದಕ್ಕೆ ಮೂರು ಎಂಜಿನ್, ಮೂರೂ ಹಿಂದೆ. ಮುಂದಿನ ಗಾಲಿ ನಡುವಿನಲ್ಲಿ ಇರುವುದಿಲ್ಲ, ಸುಮಾರು 60 ಸೆಂಟಿಮೀಟರ್ ಎಡಕ್ಕೆ ಸರಿದಿರುತ್ತದೆ. ಅದು ಹಿಂದಕ್ಕೆ ಮಡಚದೆ ಅಡ್ಡಕ್ಕೆ ಮಡಚಿಕೊಳ್ಳುತ್ತದೆ, ಅದಕ್ಕೆ ಹಾಗೆ. ಬ್ರಿಟನ್ನಿನ ಮಂಜು ನೋಡಿದವರಿಗೆ ಗೊತ್ತು, ಎದುರಿನ ಮನೆ ಕಾಣುವುದಿಲ್ಲ. ಟ್ರೈಡೆಂಟ್ ಅಂಥ ಮಂಜಿನಲ್ಲೂ ತನ್ನಷ್ಟಕ್ಕೆ ತಾನೇ ಇಳಿಯುವಂತೆ ಮಾಡಿದ ವಿಮಾನ. 1965ರ ಜೂನ್‌ನಲ್ಲೇ ಪ್ರಯಾಣಿಕರನ್ನು ಹೊತ್ತು ಲಂಡನ್ನಿನ ಹೀಥ್ರೂದಲ್ಲಿ ತಾನೇ ನೆಲ ಮುಟ್ಟಿತ್ತು.

1975ರ ಜನವರಿಯಲ್ಲಿ ಲಂಡನ್–ಗ್ಲಾಸ್ಗೋ ನಡುವೆ ಹೊಸ ಸೇವೆ ಶುರುವಾಯಿತು. ಮೊದಲೇ ಸೀಟು ಕಾಯ್ದಿರಿಸುವುದು ಬೇಡ. ಹೋಗಿ ಹತ್ತಿ ಕೂತು ಒಳಗೇ ಟಿಕೆಟ್ ತಗೊಳ್ಳಬಹುದು, ನಮ್ಮ ಬಸ್ಸಿನ ಹಾಗೆ. ವಿಮಾನ ತುಂಬಿ ಒಬ್ಬರು ಉಳಿದರೂ ಅವರಿಗಾಗಿ ಇನ್ನೊಂದು ವಿಮಾನ ತರುತ್ತಿದ್ದರು! ಅದರ ಹೆಸರು ಶಟಲ್. ಶಟಲ್ ಅಂದರೆ ಲಾಳಿ ಅಲ್ವಾ? ಅಪ್ಪನಿಗೆ ಬರೆದೆ. ಅಪ್ಪ ಆ ಪತ್ರವನ್ನು ಓಣಿಯ ಮಗ್ಗದವರಿಗೆಲ್ಲ ಓದಿ ತೋರಿಸಿದನಂತೆ.

ಅವನ ಉತ್ತರದಲ್ಲಿ ಕಾಮೆಟ್ ಬಗ್ಗೆ ಇತ್ತು. ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. 1952ರ ಮೇ 2ಕ್ಕೆ ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟಿತು, ಅದೇ ವರ್ಷ ಮುಂಬಯಿಗೂ ಬಂತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತಾ ಬಿಟ್ಟ ಕಾಮೆಟ್ ಒಂದು ಬಿರುಗಾಳಿಯಲ್ಲಿ ಮುರಿದು 43 ಜನ ಹೋದರು. 1954ರಲ್ಲಿ ಇನ್ನೆರಡು, ಮೆಡಿಟರೇನಿಯನ್ ಸಮುದ್ರದ ಮೇಲೆ. ಆಗ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಒಂದು ಕಾಮೆಟ್‌ನ ಮೈಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ಒತ್ತಡ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ಕೊನೆಗೆ ಕಿಟಕಿಯಂಥ ತೆರಪಿನ ಮೂಲೆಯಿಂದ ತಗಡು ಸೀಳಿತು. ಅಪ್ಪ ಇದನ್ನೆಲ್ಲ ಪೇಪರಿನಲ್ಲಿ ಓದಿ ಇಪ್ಪತ್ತು ವರ್ಷ ನೆನಪಿಟ್ಟಿದ್ದ. "ಬಡದ ಬಡದ ಕಬ್ಬಿಣಾನೂ ದಣೀತೈತಿ. ನಮ್ಮ ಮಗ್ಗದಾಗ ಕಾಣವಲ್ದೇನು?" ಎಂದು ಬರೆದಿದ್ದ.

ನನ್ನ ಮೊಮ್ಮಗ ಈಗ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಅವನಿಗೆ ಈ ಕಥೆ ಹೇಳಿದಾಗ, "ಅಜ್ಜಿ, ಒಳಮೂಲೆ ಚೂಪ ಬಿಟ್ಟರ ಪೀಸ್ ರಿಜೆಕ್ಟ್" ಅಂದ. ಅವನ ಮುತ್ತಜ್ಜನಿಗೆ ಈ ಮಾತು ಕೇಳಿಸಬೇಕಿತ್ತು.

2011ರಲ್ಲಿ ಮಗನ ಮನೆಗೆ ಹೋದಾಗ ಕೇಂಬ್ರಿಜ್ ಹತ್ತಿರದ ಡಕ್ಸ್‌ಫರ್ಡ್ ಮ್ಯೂಸಿಯಂಗೆ ಕರೆದೊಯ್ದ. ಅಲ್ಲಿ ಕಾಮೆಟ್ ಇದೆ, ಟ್ರೈಡೆಂಟ್ ಇದೆ. ಆ ಕಾಮೆಟ್ 1958ರ ಅಕ್ಟೋಬರ್ 4ರಂದು, ಅಟ್ಲಾಂಟಿಕ್ ದಾಟುವ ಜೆಟ್ ಸೇವೆ ಶುರುವಾದ ದಿನವೇ, ನ್ಯೂಯಾರ್ಕ್‌ನಿಂದ ಲಂಡನ್‌ಗೆ ಹಾರಿ ಬಂದದ್ದು. ಪಕ್ಕದಲ್ಲಿ ಸೂಪರ್ ವಿಸಿ-10, ಹಳೆಯ ಬಿಒಎಸಿ ಬಣ್ಣದಲ್ಲೇ. ಬ್ರಿಟಿಷ್ ಏರ್‌ವೇಸ್ 1981ರಲ್ಲೇ ಇವನ್ನು ನಿಲ್ಲಿಸಿತ್ತು. ನಾನು ಅಲ್ಲಿ ನಿಂತಿದ್ದಾಗ ಬ್ರಿಟನ್ನಿನ ವಾಯುಪಡೆ ಮಾತ್ರ ಇನ್ನೂ ಕೆಲವನ್ನು ಹಾರಿಸುತ್ತಿತ್ತು. ಅವೂ 2013ರ ಸೆಪ್ಟೆಂಬರ್‌ಗೆ ಮುಗಿದವು. ನಾನು ಮುಟ್ಟಿ ನೋಡಿದೆ, ಅಷ್ಟೆ. ಮಗ ಫೋಟೋ ತೆಗೆದ. ಫೋಟೋದಲ್ಲಿ ನಾನು ಅಳುತ್ತಿದ್ದೇನೆ.

ಒಂದು ಮಾತು ಹೇಳುವುದು ಉಳಿದಿದೆ. 1976ರಲ್ಲಿ ಮಗನನ್ನು ಎತ್ತಿಕೊಂಡು ಮೊದಲ ಸಲ ತವರಿಗೆ ಬಂದೆ. ಬಂದದ್ದು ಏರ್ ಇಂಡಿಯಾದ ಜಂಬೋದಲ್ಲಿ. ಕಿಟಕಿಗಳ ಸುತ್ತ ಅರಮನೆಯ ಝರೋಕಾದ ಚಿತ್ತಾರ, ಬಹಳ ಚೆಂದ. ಸೀಟು ರೆಕ್ಕೆಯ ಪಕ್ಕ ಇತ್ತು. ದಾರಿಯುದ್ದಕ್ಕೂ ಎಂಜಿನ್ ಕಿವಿಯಲ್ಲೇ ಕೂತಿತ್ತು. ಮಗನೂ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ.

ವಡಗಾವಿಯ ಓಣಿಗೆ ಟಾಂಗಾ ತಿರುಗಿತು. ಆಚೆ ಮನೆಯ ಮಗ್ಗ ಕೇಳಿಸಿತು, ಈಚೆ ಮನೆಯದೂ ಕೇಳಿಸಿತು. ನಮ್ಮ ಮನೆ ಮಾತ್ರ ಸುಮ್ನೆ ನಿಂತಿತ್ತು. ಎದೆ ಧಸಕ್ ಅಂತು. ಮಗ್ಗ ಮಾರಿಬಿಟ್ಟರೇನೋ ಅಂದುಕೊಂಡೆ. ನನಗೆ ಹೇಳಲಿಲ್ಲವಲ್ಲ ಎಂದು ಅಳುವೇ ಬಂತು.

ಅಪ್ಪ ಹೊರಗೆ ಬಂದವನು ಮೊಮ್ಮಗನನ್ನೂ ಸರಿಯಾಗಿ ನೋಡದೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಒಯ್ದ. ಬಾವಿಯ ಆಚೆ ಹೊಸ ಶೆಡ್. ಎರಡು ಇಟ್ಟಿಗೆ ದಪ್ಪದ ಗೋಡೆ. ಒಳಗೆ ನಾಲ್ಕೂ ಮಗ್ಗ ಓಡುತ್ತಿದ್ದವು, ಐದನೆಯದೂ ಒಂದು ಸೇರಿತ್ತು. "ಎಂಜಿನ್ ಹಿಂದಕ್ಕ ಒಯ್ದೇನಿ" ಅಂದ.

ಆಮೇಲೆ ಮುಂದಿನ ಖೋಲಿಗೆ ಕರೆತಂದು ಕೂಡಿಸಿದ. ಅವ್ವನಿಗೆ ಸುಮ್ಮನಿರು ಎಂದು ಕೈ ಸನ್ನೆ ಮಾಡಿದ. ಬುಟ್ಟಿಯಿಂದ ಒಂದು ಕಟಕ್ ರೊಟ್ಟಿ ತೆಗೆದು, ನನ್ನಿಂದ ಮೂರು ಮಾರು ದೂರ ಹೋಗಿ ನಿಂತು, ಮುರಿದ.

"ಕೇಳಿಸ್ತೇನವ್ವಾ?"