ಕಾಸಿದರೆ ಹೋಗತೈತೇನು?

ಕೊಪ್ಪಳದ ಒಂದು ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನ ಬೋಧನೆ ಹೇಳಿಕೊಡುತ್ತೇನೆ. 'ಪರಿಸರ ಸಮಸ್ಯೆಗಳು' ಎಂದು ಬೋರ್ಡ್ ಮೇಲೆ ಬರೆದರೆ ಸಾಕು, ಎಲ್ಲರೂ ಪೆನ್ನು ತೆಗೆಯುತ್ತಾರೆ. ಕಾರಣ, ಪರಿಣಾಮ, ಪರಿಹಾರ. ಪರೀಕ್ಷೆಗೆ ಹತ್ತು ಅಂಕ.

ಈ ಸಲ ಬೋರ್ಡ್ ಮುಟ್ಟಲಿಲ್ಲ. ಗುಂಪಿಗೊಂದು ಚೀಟಿ ಕೊಟ್ಟೆ: 'ನೀವು ಕುಷ್ಟಗಿ ತಾಲ್ಲೂಕಿನ ಒಂದು ಶಾಲೆಗೆ ಹೊಸ ಮಾಸ್ತರ್. ಐದನೇ ತರಗತಿಯ ಅರ್ಧ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ಏನು ಮಾಡ್ತೀರಿ?' ಸಮಸ್ಯೆ ಆಧಾರಿತ ಕಲಿಕೆ ಅಂತಾರಲ್ಲ, ಅದು. ಕೆನಡಾದ ಮ್ಯಾಕ್‌ಮಾಸ್ಟರ್ ವೈದ್ಯಕೀಯ ಶಾಲೆಯಲ್ಲಿ 1969ರಲ್ಲೇ ಶುರುವಾದದ್ದು. ಮೊದಲು ರೋಗಿ, ಆಮೇಲೆ ಪಾಠ.

"ಹಲ್ಲು ಸರಿಯಾಗಿ ಉಜ್ಜಂಗಿಲ್ರಿ ಸರ್" ಎಂದ ಒಬ್ಬ. ಗುಂಪು ತಲೆಯಾಡಿಸಿತು. ಸ್ವಚ್ಛತಾ ಜಾಥಾ, ಪುಕ್ಕಟೆ ಬ್ರಶ್ಶು, ಘೋಷಣೆ ಎಲ್ಲ ತಯಾರಾಯಿತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಾಚಿಕೆ ಅಂತಲೇ ನಾನು ತಿಳಿದಿದ್ದೆ. "ನಾ ದಿನಾ ಎರಡು ಸಲ ಉಜ್ತೀನ್ರಿ" ಎಂದಳು. ಕೈ ಕೆಳಗಿಳಿಸಿದಳು. ಯಾರೂ ಮಾತಾಡಲಿಲ್ಲ. ಕಾಗದದ ಮೇಲೆ ರೋಗಿಯನ್ನು ಸೃಷ್ಟಿಸುವಾಗ ಅವಳು ನನ್ನ ಕ್ಲಾಸಿನಲ್ಲೇ ಇರಬಹುದು ಅಂತ ನನಗೆ ಹೊಳೆದಿರಲಿಲ್ಲ. ಆರು ತಿಂಗಳಾಗಿತ್ತು, ಗಮನಿಸಿರಲೂ ಇಲ್ಲ.

ಅಲ್ಲಿಂದ ಮಾತು ನೀರಿಗೆ ತಿರುಗಿತು. ಬೋರ್‌ವೆಲ್, ಅದರ ನೀರಿನಲ್ಲಿ ಕರಗಿರುವ ಫ್ಲೋರೈಡ್; ಅದು ಹೆಚ್ಚಾದರೆ ಹಲ್ಲಿನ ಮೇಲೆ ಇಂಥ ಕಲೆ ಬೀಳುತ್ತದೆ. "ಕಾಸಿ ಕುಡಿದ್ರ ಆತಲ್ರಿ?" ಎಂದ ಮತ್ತೊಬ್ಬ. ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಈ ಪದ್ಧತಿಯಲ್ಲಿ ಮಾಸ್ತರಿಗೆ ಕಷ್ಟದ ಕೆಲಸ ಅಂದರೆ ಸುಮ್ನಿರೋದು. ಹೇಗೋ ತಡೆದುಕೊಂಡೆ. ಪಕ್ಕದವನೇ ಕೇಳಿದ: "ಉಪ್ಪುನೀರು ಕಾಸಿದ್ರ ಉಪ್ಪು ಹೋಗತೈತೇನಲೇ?" ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ನಾನು ಹೇಳಿದ್ದರೆ ನೋಟ್ಸಿನಲ್ಲಿ ಒಂದು ಸಾಲು ಆಗುತ್ತಿತ್ತು, ಅಷ್ಟೇ.

ಮುಂದಿನ ವಾರ ಅವರೇ ಓದಿಕೊಂಡು ಬಂದರು. ಫ್ಲೋರೈಡ್ ಗ್ರಾನೈಟ್ ಬಂಡೆಯಿಂದ ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಚಿಕ್ಕಂದಿನಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಬಿದ್ದ ಕಲೆ, ಯಾವ ಪೇಸ್ಟಿಗೂ ಹೋಗುವುದಿಲ್ಲ.

ಒಂದು ಹಳ್ಳಿಯ ಶುದ್ಧ ನೀರಿನ ಘಟಕ ನೋಡಲು ಹೋದೆವು. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್. ಎಲ್ಲರೂ ಫಿಲ್ಟರ್ ಫೋಟೊ ತೆಗೆಯುತ್ತಿದ್ದರು. ಆ ಹುಡುಗಿ ಮಾತ್ರ ನೋಡಿಕೊಳ್ಳುವವರನ್ನು ಕೇಳಿದಳು: "ಅಣ್ಣಾ, ತೆಗೆದ ಫ್ಲೋರೈಡ್ ಎಲ್ಲಿಗೆ ಹೋಗತೈತ್ರಿ?"

ಅವರು ಹಿಂದಿನ ಗೋಡೆ ಕಡೆ ಕೈ ತೋರಿಸಿದರು. ಒಂದು ಪೈಪು, ಬೇಡವಾದ ನೀರು ಸೀದಾ ಚರಂಡಿಗೆ. ಚರಂಡಿ ಮುಂದೆ ಗುಂಡಿಯಲ್ಲಿ ನಿಂತಿತ್ತು, ಎಮ್ಮೆಯೊಂದು ಕುಡಿಯುತ್ತಿತ್ತು. ಗುಂಡಿಯ ಆಚೆಗೆ ಘಟಕದ್ದೇ ಬೋರ್‌ವೆಲ್.

"ಮತ್ತ ಇದಕ್ಕೇನು ಮಾಡೋದ್ರಿ ಸರ್?"

ನನ್ನ ಪಾಠಯೋಜನೆಯಲ್ಲಿ ಇದು ಇರಲಿಲ್ಲ. ನಾನು ಎಮ್ಮೆ ನೋಡುತ್ತಾ ನಿಂತೆ. ಆಕೆ ಗುಂಡಿಯಿಂದ ಬೋರ್‌ವೆಲ್ ತನಕ ಹೆಜ್ಜೆ ಎಣಿಸತೊಡಗಿದಳು.