ಫಾರ್ಮ್ಯಾಟಿಂಗ್ ಅಷ್ಟೇ ತಾನೆ ಅಂದ್ಕೊಂಡಿದ್ದೆ

ಬೇರೆ ಟೀಮ್ ಕೈಬಿಟ್ಟ ಪೈಥಾನ್ ಸರ್ವೀಸ್ ಒಂದು ನಮ್ಮ ತಲೆಗೆ ಬಂತು, ಹ್ಯಾಂಡೋವರ್ ಅಂತ ಸಿಕ್ಕಿದ್ದು ಒಂದು ಗಂಟೆಯ ಕಾಲ್, ಅಷ್ಟೆ. ಒಂದು ಫೈಲಲ್ಲಿ ಟ್ಯಾಬು, ಇನ್ನೊಂದ್ರಲ್ಲಿ ಸ್ಪೇಸು. ಸಾಲಿನ ಉದ್ದಕ್ಕೆ ಪೈಥಾನ್‌ನ ಶೈಲಿ ನಿಯಮ ಪೆಪ್ 8 ಹೇಳೋ 79 ಅಕ್ಷರ ಸಾಕು ಅಂತ ಒಬ್ರು, ಕೋಡನ್ನ ತಾನೇ ಒಪ್ಪ ಮಾಡೋ ಬ್ಲ್ಯಾಕ್ ಟೂಲಿನ ಡೀಫಾಲ್ಟ್ 88 ಇರ್ಲಿ ಅಂತ ಇನ್ನೊಬ್ರು, 120 ಬೇಕೇ ಬೇಕು ಅಂತ ಮತ್ತೊಬ್ರು. ಎರಡು ಮೀಟಿಂಗ್ ಆದ್ರೂ ಬಗೆಹರೀಲಿಲ್ಲ, ನಂಗೆ ತಾಳ್ಮೆ ಹೋಯ್ತು. ಗುರುವಾರ ಸಾಯಂಕಾಲ ಇಡೀ ರೆಪೋ (ಕೋಡ್ ಸಂಗ್ರಹ) ಮೇಲೆ ಬ್ಲ್ಯಾಕು, ಇಂಪೋರ್ಟ್ ಸಾಲುಗಳನ್ನ ಜೋಡಿಸೋ ಐಸಾರ್ಟು ಎರಡನ್ನೂ ಓಡ್ಸಿ, ನನ್ನದೇ ಒಂದು ರಿಟ್ರೈ ಫಿಕ್ಸನ್ನೂ (ಕರೆ ಸೋತ್ರೆ ಮತ್ತೆ ಪ್ರಯತ್ನಿಸೋ ಕೋಡಿನ ತಿದ್ದುಪಡಿ) ಅದೇ ಕಮಿಟ್ಟಿಗೆ ತುರುಕಿ ಮರ್ಜ್ ಮಾಡ್ಬಿಟ್ಟೆ. ಮುನ್ನೂರು ಚಿಲ್ರೆ ಫೈಲು, ಯಾರು ತಾನೆ ಪೂರ್ತಿ ಓದ್ತಾರೆ?

ರಾತ್ರಿ ಡಿಪ್ಲಾಯ್ ಆದ ಹತ್ತೇ ನಿಮಿಷಕ್ಕೆ ಅಲರ್ಟು. ಹೊರಗಿನ ಎಪಿಐ ಕರೆಯೋ ವರ್ಕರ್‌ಗಳೆಲ್ಲ ರಿಕರ್ಷನ್ ಎರರ್ (ಕೋಡ್ ತನ್ನನ್ನೇ ಮತ್ತೆ ಮತ್ತೆ ಕರೆದು ಸಿಕ್ಕಿಬೀಳೋ ದೋಷ) ಕೊಟ್ಟು ಬೀಳ್ತಿವೆ. ರಿಟ್ರೈ ಕೋಡೇ ಸುತ್ತು ಹೊಡೀತಿದೆ ಅಂತ ನಾನು ನಲವತ್ತು ನಿಮಿಷ ಅದನ್ನೇ ಜಾಲಾಡಿದೆ. ರಿವರ್ಟ್ ಮಾಡಣ ಅಂದ್ರೆ ಅದ್ರ ಮೇಲೆ ಆಗ್ಲೇ ಇನ್ನಿಬ್ರ ಪಿಆರ್ (ಸೇರಿಸೋಕೆ ಕಳಿಸೋ ಕೋಡ್ ಬದಲಾವಣೆ) ಕೂತಿತ್ತು, ಬರೀ ಕಾನ್‌ಫ್ಲಿಕ್ಟು. ಪ್ರತಿ ಸಾಲನ್ನ ಕೊನೇಲಿ ತಿದ್ದಿದ್ದು ಯಾರು ಅಂತ ತೋರಿಸೋ ಗಿಟ್ ಬ್ಲೇಮ್ ತೆಗೆದ್ರೆ ಎಲ್ಲಿ ನೋಡಿದ್ರೂ ನನ್ನದೇ ಹೆಸ್ರು. ಕಾಲ್‌ನಲ್ಲಿ ಎಲ್ಲ ಸುಮ್ನಿದ್ರು, ಅಂಗೈ ಬೆವೆತು ಮೌಸ್ ಜಾರ್ತಿತ್ತು.

ಕೊನೆಗೆ ನಮ್ಮ ಸೀನಿಯರ್ ಮೇಡಂ, "ಪ್ರೋಸೆಸ್ ಏಳೋವಾಗಿನ ಲಾಗ್ ನೋಡಿದ್ರಾ?" ಅಂದ್ರು. ಅಲ್ಲೇ ಇತ್ತು, ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಮಾಡ್ಯೂಲ್) ಲೋಡ್ ಆದ ಮೇಲೆ ಪ್ಯಾಚ್ ಮಾಡ್ತಿದ್ದೀರಿ ಅಂತ, ಒಟ್ಟಿಗೆ ಹಲವು ಕೆಲಸ ನಡೆಸೋ ಜಿಇವೆಂಟ್ ಲೈಬ್ರರಿಯ ವಾರ್ನಿಂಗು. ಮಂಕಿ ಪ್ಯಾಚ್ ಮಾಡೋ, ಅಂದ್ರೆ ಓಡೋವಾಗಲೇ ಬೇರೆ ಲೈಬ್ರರಿಯ ಕೋಡ್ ಬದಲಿಸೋ, ನಮ್ಮದೇ ಮಾಡ್ಯೂಲಿನ ಇಂಪೋರ್ಟು ಮೊದಲ ಸಾಲಲ್ಲಿತ್ತು. ಲೋಕಲ್ ಮಾಡ್ಯೂಲ್ ಅಂತ ಐಸಾರ್ಟ್ ಅದನ್ನ ಎಸ್‌ಎಸ್‌ಎಲ್ ಲೋಡ್ ಮಾಡೋ ರಿಕ್ವೆಸ್ಟ್ಸ್ ಲೈಬ್ರರಿಯ ಕೆಳಗೆ ಇಳಿಸಿತ್ತು. ಬ್ಲ್ಯಾಕ್ ತಾನು ತಿದ್ದಿದ ಮೇಲೆ ಎಎಸ್‌ಟಿ (ಕೋಡಿನ ರಚನೆಯ ಮರ) ಹೋಲಿಸಿ ನೋಡತ್ತೆ, ಅರ್ಥ ಕೆಡಿಸಲ್ಲ. ಅದೇ ನಂಬಿಕೆನ ನಾನು ಐಸಾರ್ಟ್ ಮೇಲೂ ಇಟ್ಟಿದ್ದೆ. ಆದ್ರೆ ಇಂಪೋರ್ಟ್ ಸಾಲುಗಳ ಜಾಗ ಬದಲಾದ್ರೆ ಕೋಡ್ ಓಡೋ ಕ್ರಮಾನೇ ಬದಲಾಗತ್ತೆ.

ಸೋಮವಾರ ಎಲ್ಲಾ ವಾಪಸ್ ತೆಗೆದು ಮತ್ತೆ ಶುರು ಮಾಡಿದ್ವಿ. ಓಪನ್ ಇದ್ದ ಪಿಆರ್‌ಗಳು ಮೊದ್ಲು ಒಳಗೆ, ಆಮೇಲೆ ಬರೀ ಬ್ಲ್ಯಾಕ್‌ಗೆ ಒಂದು ಕಮಿಟ್, ಐಸಾರ್ಟ್‌ಗೆ ಇನ್ನೊಂದು, ಅದನ್ನ ಕೂತು ಸಾಲು ಸಾಲಾಗಿ ಓದಿದ್ವಿ. 88ಕ್ಕೆ ಎಲ್ರೂ ಒಪ್ಪಿದ್ರು, ಕೋಡ್ ಬಂದಾಗೆಲ್ಲ ತಾನೇ ಪರೀಕ್ಷಿಸೋ ಸಿಐ ಚೆಕ್ ಹಾಕಿದ್ವಿ. ಎರಡೂ ಕಮಿಟ್‌ಗಳ ಹ್ಯಾಶ್ (ಗುರುತಿನ ಸಂಖ್ಯೆ) ತೆಗೆದು, ಬ್ಲೇಮ್ ಲೆಕ್ಕಕ್ಕೆ ತಗೋಬಾರದ ಕಮಿಟ್‌ಗಳ ಪಟ್ಟಿ ಇರೋ ಇಗ್ನೋರ್ ರೆವ್ಸ್ ಫೈಲಿಗೆ ಸೇರಿಸಿದ್ವಿ, 2019ರ ಗಿಟ್ 2.23ರಿಂದಲೇ ಈ ಸೌಲಭ್ಯ ಇದೆ, ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಅದೇ ಇಂಪೋರ್ಟ್ ಸಾಲಿಗೆ ಬ್ಲೇಮ್ ಹಾಕಿ ನೋಡ್ದೆ. ಕೆಲಸ ಬಿಟ್ಟುಹೋದ ಯಾರೋ ಒಬ್ರ ಹಳೇ ಕಮಿಟ್ ಬಂತು, ಮೆಸೇಜಲ್ಲಿ ಇದ್ದಿದ್ದು ಇಷ್ಟೆ: ಈ ಸಾಲು ಮೊದಲೇ ಇರಬೇಕು, ಕದಲಿಸಬೇಡಿ.